ಬಳೆಚೂರಿನ ಬಸವಣ್ಣನನ್ನು ಮಾಡುವುದು ಹೇಗೆ

ನಮ್ಮಜ್ಜಿ ಮುಂದೆ ಬಳೆ ಒಡೆಯಿತು ಅನ್ನೋ ಹಾಗಿರಲಿಲ್ಲ. ‘ಹೆಚ್ಚಿತು ಅನ್ನವ್ವ’ ಅನ್ನುತ್ತಿದ್ದಳು. ಚೂರುಗಳನ್ನು ಕಸಕ್ಕೆ ಹಾಕದೆ ತುಳಸಿಕಟ್ಟೆಯ ಬುಡದಲ್ಲಿ ಇಡುತ್ತಿದ್ದಳು. ಮಳೆ ಬಂದು ತೊಳೆದಾಗ ಅವು ಹೊಳೆಯುತ್ತಿದ್ದವು.

ಅವುಗಳಿಂದ ಏನಾದರೂ ಮಾಡಬಹುದು ಅಂತ ಹೊಳೆದಿದ್ದು ಚಂಡೀಗಢದ ರಾಕ್ ಗಾರ್ಡನ್ ನೋಡಿದಾಗ. ಅದನ್ನು ಕಟ್ಟಿದ ನೇಕ್ ಚಂದ್ ಶಿಲ್ಪ ಕಲಿತವರಲ್ಲ, ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. 1950ರ ದಶಕದ ಕೊನೆಗೆ ಶುರು ಮಾಡಿ, ಕೆಲಸ ಮುಗಿದ ಮೇಲೆ ಸೈಕಲ್ಲಿನಲ್ಲಿ ಕಲ್ಲು, ಒಡಕು ಪಿಂಗಾಣಿ ಹೇರಿಕೊಂಡು ಬಂದು ಕಾಡಿನಲ್ಲಿ ಗುಟ್ಟಾಗಿ ಕಟ್ಟಿದರು. ದೇವದೇವತೆಯರ ರಾಜ್ಯ ಕಟ್ಟುತ್ತಿದ್ದೇನೆ ಅನ್ನುವ ಭಾವನೆ ಅವರದು. 1976ರಲ್ಲಿ ಅದು ಜನರಿಗೆ ತೆರೆಯಿತು. ಬಳೆಚೂರನ್ನೇ ಉಟ್ಟು ನಿಂತ ಹೆಂಗಸರ ಬೊಂಬೆಗಳು ಅಲ್ಲಿವೆ. ಅವರ ಮುಂದೆ ನಿಂತಾಗ ನನಗೆ ಕಂಡದ್ದು ಅಜ್ಜಿಯ ತುಳಸಿಕಟ್ಟೆ.

ಊರಿಗೆ ಬಂದು ಬಸವಣ್ಣನನ್ನು ಮಾಡಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಮಾಡಿ ಕೈ ಪಳಗಿತ್ತು. ನೀವೂ ಕೈಗೆ ಗೊತ್ತಿರುವ ಆಕಾರವನ್ನೇ ಹಿಡಿಯಿರಿ. ಒಂದು ಮೊಳ ಉದ್ದ ಸಾಕು.

ಬಳೆಚೂರು ಜಾತ್ರೆಯಲ್ಲಿ ಬಳೆಗಾರರ ಹತ್ತಿರ ಸಿಗುತ್ತದೆ. ಸಂಜೆ ಅಂಗಡಿ ಎತ್ತುವಾಗ ಕೇಳಿದರೆ ಸುಮ್ನೆ ಕೊಡುತ್ತಾರೆ. ನನಗೆ ಮೂರು ಕಿಲೋ ಹಿಡಿಯಿತು. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಬಣ್ಣದ ಪ್ರಕಾರ ಡಬ್ಬಿಗಳಿಗೆ ಹಾಕಿ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಗುಜರಿ ಅಂಗಡಿಯಲ್ಲಿ ನನಗೆ ಸೈಕಲ್ಲಿನ ಎರಡು ಬ್ರೇಕ್ ಹಿಡಿ ಸಿಕ್ಕವು. ನೋಡಿದ ಕೂಡಲೇ ಕೊಂಬು ಅನ್ನಿಸಿತು. ಹುಡುಕುವಾಗ ಅವಸರ ಮಾಡಬೇಡಿ. ವಸ್ತು ತಾನೇ ಏನಾಗಬೇಕು ಅಂತ ಹೇಳುತ್ತದೆ, ನಾನಿದನ್ನು ನಂಬುತ್ತೇನೆ.

ತೆಳು ಕಬ್ಬಿಣದ ಸರಳು ಬಗ್ಗಿಸಿ, ತಂತಿಯಿಂದ ಬಿಗಿದು ಬೆನ್ನು, ಕಾಲು, ಕತ್ತು ಮಾಡಿ. ಕೊಂಬುಗಳನ್ನೂ ಈಗಲೇ ಕಟ್ಟಿಬಿಡಿ. ಮೇಲೆ ಕೋಳಿಗೂಡಿನ ಜಾಲರಿ ಸುತ್ತಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು ಸೇರಿಸಿ, ಉಂಡೆ ಕಟ್ಟುವ ಹದಕ್ಕೆ ಕಲಸಿ, ಜಾಲರಿಯೊಳಗೆ ಹೋಗುವಂತೆ ಒತ್ತಿ. ಹಸಿ ಇರುವಾಗಲೇ ಮೊಳೆಯಿಂದ ಗೀರಿ, ಇಲ್ಲದಿದ್ದರೆ ಎರಡನೇ ಪದರ ಹಿಡಿಯುವುದಿಲ್ಲ. ಕಣ್ಣಿನ ಜಾಗದಲ್ಲಿ ಎರಡು ಗುಳಿ ಬಿಡಿ.

ಮರುದಿನ ಮೈಗೆ ನೀರು ಚಿಮುಕಿಸಿ, ಅಂಗೈ ಅಗಲದಷ್ಟು ಜಾಗಕ್ಕೆ ಮಾತ್ರ ಅರ್ಧ ಇಂಚು ಸಿಮೆಂಟು-ಮರಳಿನ ಗಾರೆ ಹಚ್ಚಿ. ಜಾಸ್ತಿ ಹಚ್ಚಿದರೆ ಚೂರು ಕೂರಿಸುವಷ್ಟರಲ್ಲಿ ಗಟ್ಟಿಯಾಗುತ್ತದೆ. ಬಳೆಚೂರನ್ನು ಮಲಗಿಸಬೇಡಿ. ಎರಡು ತುದಿಯೂ ಗಾರೆಯೊಳಗೆ ಹೋಗಿ, ಬೆನ್ನು ಮಾತ್ರ ಮೇಲೆ ಕಾಣುವಂತೆ ಒತ್ತಿ. ಆಗ ಕೈಗೆ ಚುಚ್ಚುವುದಿಲ್ಲ, ಬೆಳಕೂ ಚೆನ್ನಾಗಿ ಹಿಡಿಯುತ್ತದೆ. ಬಾಲದಿಂದ ಶುರು ಮಾಡಿ ಕತ್ತಿನ ಕಡೆ ಬನ್ನಿ. ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನ ಮಡಿಕೆಗೆ ನಾನು ಹಸಿರು ಬಳೆಗಳನ್ನು ಒಂದರ ಕೆಳಗೊಂದು ಇಟ್ಟೆ. ಅದರಲ್ಲಿ ಒಂದು ಚೂರು ಅಮ್ಮನದು, ಚಿನ್ನದ ಬಣ್ಣದ ಗೆರೆ ಅರ್ಧ ಅಳಿಸಿಹೋಗಿದೆ. ಈಗಲೂ ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ.

ಗಾರೆ ಬಿಗಿಯುವ ಮೊದಲು ಒದ್ದೆ ಬಟ್ಟೆಯಿಂದ ಬಳೆ ಒರೆಸಿ. ಆಮೇಲೆ ನೆರಳಲ್ಲಿಟ್ಟು, ಗೋಣಿಚೀಲ ಹೊದಿಸಿ, ಏಳು ದಿನ ನೀರು ಹಾಕಿ. ನನ್ನ ಮೊದಲ ಬಸವನನ್ನು ಬೇಗ ಒಣಗಲಿ ಅಂತ ಬಿಸಿಲಿಗೆ ಇಟ್ಟಿದ್ದೆ. ಮೂರನೇ ದಿನ ಕತ್ತು ಬಿರುಕು ಬಿಟ್ಟಿತು. ತುಂಬಾ ಅತ್ತಿದ್ದೆ.

ಕಣ್ಣು ಕೊನೆಗೆ. ದೇವರ ಮೂರ್ತಿಗೂ ಕಣ್ಣು ಕೊನೆಗೇ ಬಿಡಿಸುವುದು, ಅಲ್ವಾ. ಎಂಟನೇ ದಿನ ಮುಂಜಾನೆ ಸ್ನಾನ ಮಾಡಿ, ತುಳಸಿಗೆ ದೀಪ ಹಚ್ಚಿ, ಆ ಗುಳಿಗಳಿಗೆ ಚಿಟಿಕೆ ಗಾರೆ ತುಂಬಿ, ಒಡೆದ ಸೋಡಾ ಬಾಟಲಿಗಳ ಎರಡು ಗೋಲಿಗಳನ್ನು ಹೆಬ್ಬೆರಳಿನಿಂದ ಒತ್ತಿದೆ. ಎಡಗಣ್ಣು ಒಂದೆಳೆ ಕೆಳಗೆ ಕೂತಿದೆ. ಹಾಗೇ ಬಿಟ್ಟಿದ್ದೇನೆ.