ಸರಿದೂಗಿಸುವ ಮೊದಲು ಸೂತ್ರ ಸರಿಯಿರಲಿ

ರಸಾಯನಶಾಸ್ತ್ರಕ್ಕೆ ಹೊಸಬರಾದವರಿಗೆ ಪಾಠ ಹೇಳುವಾಗ ಆರಂಭದಲ್ಲಿ ನಾನು ಸಮೀಕರಣ ಸರಿದೂಗಿಸುವ, ಎಂದರೆ ಎರಡೂ ಕಡೆ ಪ್ರತಿ ಧಾತುವಿನ ಪರಮಾಣುಗಳನ್ನು ಸಮಗೊಳಿಸುವ, ಮಾತನ್ನೇ ಎತ್ತುವುದಿಲ್ಲ. ಕ್ರಿಯೆಯನ್ನು ಮೊದಲು ಪದಗಳಲ್ಲಿ ಬರೆಸುತ್ತೇನೆ: ಕಾದ ಕಬ್ಬಿಣ ಮತ್ತು ನೀರಾವಿ ವರ್ತಿಸಿದಾಗ ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರೋಜನ್ ಉಂಟಾಗುತ್ತವೆ. ಆಮೇಲೆ ಒಂದೊಂದು ವಸ್ತುವಿಗೂ ಅಣುಸೂತ್ರ. ಹೆಚ್ಚು ಹೊತ್ತು ಹಿಡಿಯುವುದು ಇಲ್ಲಿಯೇ, ಹಿಡಿಯಬೇಕು ಕೂಡ. ಅಲ್ಯೂಮಿನಿಯಂ ಆಕ್ಸೈಡ್ ತೆಗೆದುಕೊಳ್ಳಿ: ಅಲ್ಯೂಮಿನಿಯಂನ ವೇಲೆನ್ಸಿ (ಬೇರೆ ಪರಮಾಣುಗಳೊಂದಿಗೆ ಕೂಡುವ ಸಾಮರ್ಥ್ಯ) 3, ಆಕ್ಸಿಜನ್‌ನದು 2. ಅದಲುಬದಲು ಮಾಡಿದರೆ 2 ಅಲ್ಯೂಮಿನಿಯಂಗೆ 3 ಆಕ್ಸಿಜನ್. ಸೂತ್ರ ತಪ್ಪಾಗಿದ್ದರೂ ಲೆಕ್ಕ ಸರಿದೂಗಿಬಿಡಬಹುದು. ಆಗ ಜಗತ್ತಿನಲ್ಲಿ ಇಲ್ಲದ ವಸ್ತುವಿನ ಅಚ್ಚುಕಟ್ಟಾದ ಸಮೀಕರಣ ಕೈಯಲ್ಲಿರುತ್ತದೆ.

ಸೂತ್ರ ಬರೆದಾದ ಮೇಲೆ ಅದರೊಳಗಿನ ಸಣ್ಣ ಅಂಕಿಗಳನ್ನು ಮುಟ್ಟಲು ನಾನು ಬಿಡುವುದಿಲ್ಲ. ಆಕ್ಸಿಜನ್ ಸಾಲದೆಂದು ನೀರಿನ ಸೂತ್ರಕ್ಕೆ ಇನ್ನೊಂದನ್ನು ಸೇರಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್, ಬೇರೆಯೇ ವಸ್ತು. ಬದಲಿಸಬಹುದಾದದ್ದು ಸೂತ್ರದ ಮುಂದೆ ನಿಲ್ಲುವ ಸಂಖ್ಯೆಯನ್ನು ಮಾತ್ರ.

ಎಲ್ಲಿಂದ ತೊಡಗಬೇಕು? ಹೆಚ್ಚು ಪರಮಾಣುಗಳಿರುವ ಸಂಯುಕ್ತದಿಂದ. ಕಬ್ಬಿಣ ಮತ್ತು ನೀರಾವಿಯ ಕ್ರಿಯೆಯಲ್ಲಿ ಉಂಟಾಗುವ ಆಕ್ಸೈಡ್‌ನಲ್ಲಿ 3 ಕಬ್ಬಿಣ, 4 ಆಕ್ಸಿಜನ್ ಇವೆ. ಹಾಗಾಗಿ ನೀರಿನ ಮುಂದೆ 4. ಆಗ ಎಡಗಡೆ ಹೈಡ್ರೋಜನ್ ಪರಮಾಣುಗಳು 8 ಆಗುತ್ತವೆ. ಹೈಡ್ರೋಜನ್ ಅಣುವೊಂದರಲ್ಲಿ 2 ಪರಮಾಣುಗಳಿರುವುದರಿಂದ ಬಲಗಡೆ ಅದರ ಮುಂದೆಯೂ 4. ಉಳಿದ ಕಬ್ಬಿಣಕ್ಕೆ 3 ಹಾಕಿದರೆ ಮುಗಿಯಿತು. ಒಂಟಿಯಾಗಿರುವ ಧಾತುವನ್ನು ಹೀಗೆ ಕೊನೆಗೆ ಇಟ್ಟುಕೊಳ್ಳುವುದೇ ಲಾಭ, ಏಕೆಂದರೆ ಅದರ ಸಂಖ್ಯೆ ಬದಲಿಸಿದರೆ ಬೇರೆ ಯಾವ ಧಾತುವಿನ ಲೆಕ್ಕವೂ ಕೆಡುವುದಿಲ್ಲ.

ಈಥೇನ್ ಉರಿಯುವ ಸಮೀಕರಣದಲ್ಲಿ ಮಾತ್ರ ವಿದ್ಯಾರ್ಥಿಗಳು ತಡವರಿಸುತ್ತಾರೆ. 1 ಈಥೇನ್‌ಗೆ 2 ಕಾರ್ಬನ್ ಡೈಆಕ್ಸೈಡ್, 3 ನೀರು. ಬಲಗಡೆ ಒಟ್ಟು 7 ಆಕ್ಸಿಜನ್ ಪರಮಾಣುಗಳು. ಎಡಗಡೆ ಆಕ್ಸಿಜನ್ ಜೋಡಿಯಾಗಿಯೇ ಬರುವುದರಿಂದ ಮೂರೂವರೆ ಅಣು ಬೇಕು. ಧೈರ್ಯವಾಗಿ ಮೂರೂವರೆ ಎಂದೇ ಬರೆಯಿರಿ ಎನ್ನುತ್ತೇನೆ, ಆಮೇಲೆ ಎಲ್ಲವನ್ನೂ 2ರಿಂದ ಗುಣಿಸಿ: 2 ಈಥೇನ್, 7 ಆಕ್ಸಿಜನ್, 4 ಕಾರ್ಬನ್ ಡೈಆಕ್ಸೈಡ್, 6 ನೀರು. ಸಲ್ಫೇಟ್, ನೈಟ್ರೇಟ್‌ನಂತಹ ಗುಂಪುಗಳು ಎರಡೂ ಕಡೆ ಹಾಗೆಯೇ ಉಳಿದಿದ್ದರೆ ಅವನ್ನು ಒಡೆಯದೆ ಇಡೀ ಗುಂಪನ್ನೇ ಒಂದೆಂದು ಎಣಿಸಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಕ್ರಿಯೆಗಳ ವರ್ಗೀಕರಣಕ್ಕೆ ನಾನು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವುದಿಲ್ಲ. ಯಾರು ಯಾರನ್ನು ಬಿಟ್ಟು ಎಲ್ಲಿಗೆ ಹೋದರು ಎಂದು ಕೇಳುತ್ತೇನೆ. ಸುಣ್ಣಕಲ್ಲು ಕಾಯಿಸಿದಾಗ ಒಂದು ಎರಡಾಯಿತು: ವಿಭಜನೆ. ಸತು ತಾಮ್ರದ ಸಲ್ಫೇಟ್‌ನಿಂದ ತಾಮ್ರವನ್ನು ಹೊರದೂಡಿತು: ಸ್ಥಾನಪಲ್ಲಟ. ಬೇರಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಲ್ಫೇಟ್ ಜೊತೆಗಾರರನ್ನು ಬದಲಿಸಿಕೊಂಡವು, ನೀರಿನಲ್ಲಿ ಕರಗದ ಬಿಳಿ ಪ್ರಕ್ಷೇಪ ತಳಕ್ಕಿಳಿಯಿತು: ದ್ವಿಸ್ಥಾನಪಲ್ಲಟ.

ಒಂದು ಕ್ರಿಯೆಗೆ ಒಂದೇ ಹೆಸರು ಎಂಬ ನಂಬಿಕೆಯನ್ನು ಮಾತ್ರ ಬೇಗ ಬಿಡಿಸಬೇಕು. ಮೆಗ್ನೀಸಿಯಂ ಗಾಳಿಯಲ್ಲಿ ಉರಿಯುವುದು ಸಂಯೋಗ (ಎರಡು ಸೇರಿ ಒಂದಾಗುವುದು), ದಹನ, ಉತ್ಕರ್ಷಣ (ಆಕ್ಸಿಜನ್ ಜೊತೆ ಸೇರುವುದು), ಬಹಿರುಷ್ಣಕ (ಶಾಖ ಹೊರಬಿಡುವುದು) ಎಲ್ಲವೂ ಹೌದು. ಅದೇ ಮೆಗ್ನೀಸಿಯಂ ಕಾರ್ಬನ್ ಡೈಆಕ್ಸೈಡ್‌ನಲ್ಲೂ ಉರಿದು ಕಪ್ಪು ಕಾರ್ಬನ್ ಉಳಿಸುತ್ತದೆ. ಅದನ್ನು ಬರೆದು, ಸರಿದೂಗಿಸಿ, ಯಾವ ಯಾವ ಗುಂಪಿಗೆ ಸೇರುತ್ತದೆಂದು ಕಾರಣಸಹಿತ ಹೇಳಬಲ್ಲ ವಿದ್ಯಾರ್ಥಿಗೆ ನಾನು ಮುಂದಿನ ಪಾಠ ತೆರೆಯುತ್ತೇನೆ.