ರವಿಕೆಯ ಕತ್ತಿನಿಂದ ಆರಂಭವಾಗುವ ಒಡವೆಯ ಆಯ್ಕೆ

ಮೈಸೂರಿನಲ್ಲಿ ಮದುಮಗಳ ಅಲಂಕಾರದ ಕೆಲಸವನ್ನು ನಾನು ಹದಿನಾಲ್ಕು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಮದುವೆ ಗೊತ್ತಾದ ಮನೆಯವರು ನನ್ನನ್ನು ಕರೆಸಿದಾಗ ಸಾಮಾನ್ಯವಾಗಿ ಒಡವೆಯ ಡಬ್ಬಿಗಳನ್ನೆಲ್ಲ ಮಂಚದ ಮೇಲೆ ತೆರೆದಿಟ್ಟು, ಇವುಗಳಲ್ಲಿ ಯಾವುದನ್ನು ಹಾಕಬೇಕೆಂದು ಕೇಳುತ್ತಾರೆ. ಡಬ್ಬಿಗಳನ್ನು ನೋಡುವ ಮೊದಲು ನಾನು ಸೀರೆಯನ್ನು ತರಿಸುತ್ತೇನೆ; ಸೀರೆಗಿಂತಲೂ ಮೊದಲು, ರವಿಕೆಯನ್ನು ಹೊಲಿಯಲು ಕೊಟ್ಟಾಯಿತೇ ಎಂದು ವಿಚಾರಿಸುತ್ತೇನೆ. ಇನ್ನೂ ಕೊಟ್ಟಿಲ್ಲ ಎಂಬ ಉತ್ತರ ಬಂದರೆ ನನ್ನ ಅರ್ಧ ಕೆಲಸ ಸುಲಭವಾಯಿತೆಂದು ಸಮಾಧಾನವಾಗುತ್ತದೆ, ಏಕೆಂದರೆ ಕೊರಳಿನ ಒಡವೆ ಯಾವುದಾಗಬೇಕು, ಅದು ಎಷ್ಟು ಉದ್ದವಿರಬೇಕು, ಕಿವಿಗೆ ಭಾರದ್ದು ಬೇಕೇ ಹಗುರವಾದದ್ದು ಸಾಕೇ ಎಂಬುದನ್ನೆಲ್ಲ ನಿಶ್ಚಯಿಸುವುದು ರವಿಕೆಯ ಕತ್ತು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲಸ ಶುರುಮಾಡಿದ ಎರಡನೆಯ ವರ್ಷ ಒಬ್ಬ ಹುಡುಗಿಯ ಆರತಕ್ಷತೆಗೆ ಕೆಂಪು ಕಲ್ಲಿನ, ಕೊರಳಿಗೆ ಅಂಟಿ ಕೂರುವ ಅಗಲವಾದ ಅಡ್ಡಿಗೆಯನ್ನು ನಾನೇ ಆರಿಸಿಕೊಟ್ಟಿದ್ದೆ. ಆ ದಿನ ಬೆಳಿಗ್ಗೆ ಹೊಲಿಗೆಯವರಿಂದ ಬಂದ ರವಿಕೆ ಕೊರಳಿನ ಬುಡದವರೆಗೂ ಮುಚ್ಚುವ ಬೋಟ್ ನೆಕ್‌ನದು, ಅದರ ಮೇಲೆ ಭುಜದಿಂದ ಭುಜಕ್ಕೆ ಒತ್ತಾದ ಆರಿ ವರ್ಕ್ ಎಂಬ ಮಣಿ-ದಾರದ ಕಸೂತಿ. ಅಡ್ಡಿಗೆ ಚರ್ಮದ ಮೇಲೆ ಕೂರದೆ ಕಸೂತಿಯ ಮೇಲೆ ಕೂತಿತು. ಅಡ್ಡಿಗೆಯ ಕಲ್ಲೂ ಕಾಣಲಿಲ್ಲ, ಆರಿ ಕೆಲಸವೂ ಕಾಣಲಿಲ್ಲ, ಅದರ ಹಿಂಬದಿಯ ಕೊಂಡಿಗೆ ಸಿಕ್ಕಿ ರವಿಕೆಯ ಮಣಿಗಳು ಊಟದ ಹೊತ್ತಿಗಾಗಲೇ ಉದುರತೊಡಗಿದ್ದವು. ತಿಂಗಳುಗಟ್ಟಲೆ ಕುಳಿತು ಯಾರೋ ಮಾಡಿದ ಕೆಲಸ ನನ್ನ ಆಯ್ಕೆಯಿಂದ ಹಾಳಾಯಿತೆಂಬ ನೋವು ನನಗೆ ಇಂದಿಗೂ ಇದೆ. ಅಂದಿನಿಂದ, ರವಿಕೆಯನ್ನೋ ಕಡೇಪಕ್ಷ ಅದರ ಕತ್ತಿನ ಅಳತೆಯನ್ನೋ ನೋಡದೆ ಯಾವ ಸರವನ್ನೂ ನಾನು ಆರಿಸಿಲ್ಲ.

ಈಗ ನನ್ನ ಬಳಿ ಸದಾ ಒಂದು ಬಿಳಿ ನೂಲಿನ ದಾರವಿರುತ್ತದೆ. ಹುಡುಗಿಗೆ ರವಿಕೆ ತೊಡಿಸಿ, ಆ ದಾರವನ್ನು ಅವಳ ಕೊರಳಿಗೆ ಬೇರೆ ಬೇರೆ ಉದ್ದಗಳಲ್ಲಿ ಇಳಿಬಿಟ್ಟು, ಎಲ್ಲಿ ನಿಂತರೆ ಚೆಂದವೆಂದು ನೋಡಿ ಗಂಟು ಹಾಕಿ ಅಳೆದುಕೊಳ್ಳುತ್ತೇನೆ. ಕೊರಳಿಗೆ ಅಂಟಿ ಕೂರುವ ಚೋಕರ್ ಅಥವಾ ಅಡ್ಡಿಗೆ ಸುಮಾರು 14ರಿಂದ 16 ಇಂಚು, ಕಾಲರ್ ಮೂಳೆಯ ಕೆಳಗೆ ಬರುವ ಸರ 18 ಇಂಚು, ಎದೆಯ ಕೆಳಗಿನವರೆಗೆ ಇಳಿಯುವ ಲಕ್ಷ್ಮೀ ಹಾರ ಅಥವಾ ಕಾಸಿನ ಸರ 28 ಇಂಚಿಗಿಂತ ಹೆಚ್ಚು. ಆದರೆ ಗಿಡ್ಡ ಕೊರಳಿನ ಹುಡುಗಿಗೆ 14 ಇಂಚಿನ ಅಡ್ಡಿಗೆ ಗಲ್ಲಕ್ಕೆ ತಾಗುವಂತಿರುತ್ತದೆ, ನೀಳ ಕೊರಳಿನವಳಿಗೆ ಅದೇ ಅಡ್ಡಿಗೆ ಮೇಲೆ ಬಹಳ ಜಾಗ ಉಳಿಸುತ್ತದೆ. ಆದ್ದರಿಂದ ಪುಸ್ತಕದ ಅಳತೆಗಿಂತ ದಾರದ ಅಳತೆಯನ್ನೇ ನಾನು ನಂಬುತ್ತೇನೆ. ರವಿಕೆಯ ಅಂಚಿಗೂ ಸರದ ಅಂಚಿಗೂ ನಡುವೆ ಎರಡು ಬೆರಳಿನಷ್ಟಾದರೂ ಬರಿ ಚರ್ಮ ಕಾಣಬೇಕು. ಹಾಗೆ ಕಾಣದಿದ್ದರೆ ಸರವನ್ನು ಹಿಂದಿನ ರೇಷ್ಮೆ ದಾರದಿಂದ ಮೇಲಕ್ಕೆ ಎಳೆಯುತ್ತೇನೆ, ಅದೂ ಆಗದಿದ್ದರೆ ಕೊರಳನ್ನು ಕರಿಮಣಿ ತಾಳಿಗಷ್ಟೇ ಬಿಟ್ಟು, ಕಿವಿಗೆ ದೊಡ್ಡ ಜುಮಕಿ ಹಾಕುತ್ತೇನೆ. ಕತ್ತು ಮುಚ್ಚಿದ, ಕೆಲಸ ತುಂಬಿದ ರವಿಕೆಗೆ ಈ ಕೊನೆಯ ಉಪಾಯವೇ ಎಲ್ಲಕ್ಕಿಂತ ಒಪ್ಪುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯ ಹಿರಿಯರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ಆದರೆ ಕನ್ನಡಿಯ ಮುಂದೆ ಎರಡು ಬಗೆಯನ್ನೂ ತೋರಿಸಿದರೆ ಒಪ್ಪುತ್ತಾರೆ.

ಕತ್ತು ನಿಶ್ಚಯವಾದ ಮೇಲೆ ನೋಡುವುದು ಜರಿಯ ಬಣ್ಣ. ಇದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬಾರದು. ಸೀರೆಯ ಸೆರಗನ್ನೂ ಒಡವೆಯನ್ನೂ ಹಗಲಿನ ಹೊತ್ತು ಕಿಟಕಿಯ ಬಳಿ ಒಟ್ಟಿಗೆ ಹಿಡಿಯಬೇಕು. ನಮ್ಮ ಊರಿನ ಮೈಸೂರು ರೇಷ್ಮೆಯನ್ನೇ ತೆಗೆದುಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಇಂದಿಗೂ ನೇಯಲಾಗುವ ಈ ಸೀರೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿಯೂ ಶೇ. 0.65ರಷ್ಟು ಚಿನ್ನವೂ ಇರುತ್ತವೆ. ಬೆಳ್ಳಿಯ ಮೇಲೆ ತೆಳುವಾದ ಚಿನ್ನವಿರುವುದರಿಂದ ಅದರ ಹೊಳಪು ಮೃದುವಾಗಿ, ತಿಳಿಯಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ಕಪ್ಪುಛಾಯೆಯ ಆ್ಯಂಟಿಕ್ ಪಾಲಿಶಿನ ಒಡವೆ ಇಟ್ಟರೆ ಒಡವೆ ಮಾಸಿದಂತೆ ಕಾಣುತ್ತದೆ. ಮೇಲಾಗಿ ಈ ಸೀರೆಯ ಒಡಲು ಬಹುಪಾಲು ಖಾಲಿ, ಅದರ ಸೊಬಗೆಲ್ಲ ಬಣ್ಣದಲ್ಲಿ ಮತ್ತು ಮೈಗೆ ಹೊಂದಿಕೊಂಡು ಇಳಿಯುವ ಕ್ರೇಪ್ ಬಟ್ಟೆಯಲ್ಲಿದೆ. ಅದಕ್ಕೆ ನಾನು ಹಳದಿ ಚಿನ್ನದ ಒಂದೆಳೆ ಗುಂಡಿನ ಸರ ಅಥವಾ ಅವಲಕ್ಕಿ ಸರ, ಮುತ್ತಿನ ಓಲೆ, ಇಷ್ಟನ್ನೇ ಹೇಳುತ್ತೇನೆ. ಕಂಚಿಯ ದಪ್ಪ ಅಂಚಿನ ಸೀರೆಯಾದರೆ ಕೆಂಪು ಕಲ್ಲಿನ ದೇವಸ್ಥಾನ ಶೈಲಿಯ ಒಡವೆಗಳ ಭಾರವನ್ನು ಅದು ತಡೆದುಕೊಳ್ಳುತ್ತದೆ. ಬೆಳ್ಳಿ ಜರಿಯ ಸೀರೆಗೆ ಮುತ್ತು, ಬಿಳಿಯ ಕಲ್ಲು ಅಥವಾ 92.5ರ ಬೆಳ್ಳಿಯ ಒಡವೆ ಹೊಂದುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ವಜ್ರದ ಒಡವೆಯನ್ನು ಸಾಮಾನ್ಯವಾಗಿ 18 ಕ್ಯಾರೆಟ್ ಚಿನ್ನದಲ್ಲಿ, ಅಂದರೆ 750 ಮುದ್ರೆಯದರಲ್ಲಿ ಕೂರಿಸಿರುತ್ತಾರೆ. ಮನೆಯ ಹಳೆಯ ಹಾರ 22 ಕ್ಯಾರೆಟ್, 916ರದ್ದು. ಎರಡೂ ಚಿನ್ನವೇ ಆದರೂ ಒಂದರ ಪಕ್ಕ ಒಂದು ಬಂದಾಗ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ. ಆದ್ದರಿಂದ ಹೊಸತಾಗಿ ಓಲೆ ಕೊಳ್ಳುವವರಿಗೆ, ಹಳೆಯ ಸರವನ್ನು ಅಂಗಡಿಗೆ ಕೊಂಡೊಯ್ದು ಪಕ್ಕದಲ್ಲಿಟ್ಟು ನೋಡಿ ಎಂದು ಹೇಳುತ್ತೇನೆ. ಹಾಗೆಯೇ ಹಾಲ್‌ಮಾರ್ಕಿನ ಜೊತೆಗಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನು (ಪ್ರತಿ ಒಡವೆಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ನೋಡಿಕೊಳ್ಳಲು, ಕಲ್ಲಿನ ತೂಕವನ್ನು ಚಿನ್ನದ ತೂಕದಿಂದ ಬೇರೆ ಮಾಡಿ ಬಿಲ್ಲಿನಲ್ಲಿ ಬರೆಸಿಕೊಳ್ಳಲು ಮರೆಯಬಾರದು.

ನನ್ನ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಬಾಗಲಕೋಟೆ ಕಡೆಯ ಒಂದು ಮನೆಯ ಹುಡುಗಿಯ ಅಲಂಕಾರ. ಮದುವೆ ಮೈಸೂರಿನಲ್ಲಿ, ಹುಡುಗ ಇಲ್ಲಿಯವನು. ಅಕ್ಷತೆಗೆ ರೇಷ್ಮೆ ಸೀರೆ ನಿಶ್ಚಯವಾಗಿತ್ತು. ಆದರೆ ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ತವರಿನ ಇಳಕಲ್ ಸೀರೆಯನ್ನೇ ಉಡಬೇಕೆಂದು ಅವಳ ಅಜ್ಜಿಯ ಆಸೆ. ದಾಳಿಂಬೆ ಬಣ್ಣದ ಒಡಲು, ತೋಪುತೆನೆ ವಿನ್ಯಾಸದ ಕೆಂಪು ಸೆರಗು, ಅದಕ್ಕೆ ಗುಳೇದಗುಡ್ಡದ ಖಣದ, ಅಂದರೆ ರವಿಕೆಗೆಂದೇ ನೇಯುವ ಬಟ್ಟೆಯ ಕುಪ್ಪಸ. ಹುಡುಗಿ ಬೆಂಗಳೂರಿನಿಂದ ಹಸಿರು ಕಲ್ಲಿನ ಪೋಲ್ಕಿ (ಸಾಣೆ ಹಿಡಿಯದ ವಜ್ರದ) ಸೆಟ್ ಒಂದನ್ನು ಬಾಡಿಗೆಗೆ ತರಿಸಿಕೊಂಡಿದ್ದಳು. ನಾನು ಅದನ್ನು ಹಾಕಿ ನೋಡಿದೆ. ಖಣದ ಮೈತುಂಬ ಸಣ್ಣ ಸಣ್ಣ ಬುಟ್ಟಾಗಳಿರುತ್ತವೆ, ಅಂಚು ಬೇರೆ ಬಣ್ಣದ್ದು, ಕತ್ತು ಕಿರಿದು. ಅದರ ಮೇಲೆ ಸಣ್ಣ ಸಣ್ಣ ಕಲ್ಲುಗಳ ಒಡವೆ ಬಂದಾಗ ಕಣ್ಣಿಗೆ ನಿಲ್ಲಲು ಒಂದು ಜಾಗವೂ ಸಿಗಲಿಲ್ಲ. ಆಗ ಅಜ್ಜಿ ತಮ್ಮ ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬೋರಮಾಳ ಹೊರತೆಗೆದರು. ಬೋರೆಹಣ್ಣಿನ ಆಕಾರದ ನುಣುಪಾದ ಚಿನ್ನದ ಗುಂಡುಗಳ ಸರ, ಕಲ್ಲಿಲ್ಲ, ಕೆತ್ತನೆಯಿಲ್ಲ. "ಇದೊಂದು ಹಾಕ್ಕೊಂಡ್ರ ಸಾಕವಾ, ಮತ್ತೇನೂ ಬ್ಯಾಡ" ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬುಟ್ಟಾಗಳು ತುಂಬಿದ ಖಣಕ್ಕೆ ಬೇಕಾದದ್ದು ಆ ನುಣುಪಾದ ದುಂಡುತನ. ಕುಪ್ಪಸದ ಕತ್ತು ಕಿರಿದಾದ್ದರಿಂದ ಸರ ಬಟ್ಟೆಯ ಮೇಲೆಯೇ ಕೂತಿತು. ನನ್ನ ಎರಡು ಬೆರಳಿನ ನಿಯಮ ಅಲ್ಲಿ ನಡೆಯಲಿಲ್ಲ, ನಡೆಯಬೇಕಾದ ಅಗತ್ಯವೂ ಇರಲಿಲ್ಲ, ಏಕೆಂದರೆ ಆ ಕುಪ್ಪಸವೂ ಆ ಸರವೂ ಒಂದೇ ಸೀಮೆಯ ಹೆಂಗಸರು ತಲೆಮಾರುಗಳಿಂದ ಒಟ್ಟಿಗೆ ತೊಟ್ಟು ಹದಗೊಳಿಸಿದ ಜೋಡಿ. ಕೈಗೆ ಪಾಟ್ಲಿ, ಅವುಗಳ ನಡುವೆ ಹಸಿರು ಗಾಜಿನ ಬಳೆ, ಮೂಗಿಗೆ ಮುತ್ತಿನ ನತ್ತು ಹಾಕಿದೆ. ಪೋಲ್ಕಿ ಸೆಟ್ಟನ್ನು ಹುಡುಗಿಯೇ ಡಬ್ಬಿಗೆ ಹಾಕಿ ಮುಚ್ಚಿದಳು.

ಕೊಡವ ಮದುಮಗಳ ವಿಷಯದಲ್ಲಿ ನಾನು ಆಯ್ಕೆಯ ಮಾತನ್ನೇ ಎತ್ತುವುದಿಲ್ಲ. ಜೋಮಾಲೆ, ಕೊಕ್ಕೆತಾತಿ, ಪತ್ತಾಕ್ ಎಂಬ ಕೊರಳಿನ ಒಡವೆಗಳನ್ನು ಅವರ ಸಂಪ್ರದಾಯವೇ ನಿಗದಿ ಮಾಡಿದೆ. ನೆರಿಗೆ ಹಿಂದೆ ಬರುವ ಆ ಉಡಿಗೆಯನ್ನು ಉಡಿಸುವ ಕೈ ಅವರ ಮನೆಯ ಹಿರಿಯರದೇ ಆಗಿರಬೇಕು. ಕರೆದಾಗ ಹೋಗಿ ಕೂದಲನ್ನಷ್ಟೇ ಕಟ್ಟಿಕೊಟ್ಟು ಬಂದಿದ್ದೇನೆ.

ಕಿವಿಯ ಭಾರದ ಬಗ್ಗೆ ಹೆಣ್ಣುಮಕ್ಕಳು ಸಾಕಷ್ಟು ಯೋಚಿಸುವುದಿಲ್ಲ ಎಂಬ ಬೇಸರ ನನಗಿದೆ. ಜುಮಕಿಗಳನ್ನು ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿಸುತ್ತೇನೆ. ಒಂದು ಕಿವಿಗೆ 15 ಗ್ರಾಂ ದಾಟಿದರೆ ಮಾಟಿ, ಅಂದರೆ ಜುಮಕಿಯಿಂದ ಕೂದಲಿಗೆ ಸಿಕ್ಕಿಸುವ ಸರಪಳಿ, ಇಲ್ಲದೆ ಹಾಕಲು ಬಿಡುವುದಿಲ್ಲ. ಮಾಟಿಯನ್ನು ಬರಿಯ ಶೋಭೆಯ ವಸ್ತುವೆಂದು ತಿಳಿದವರೇ ಹೆಚ್ಚು, ಆದರೆ ಅದು ಜುಮಕಿಯ ಭಾರವನ್ನು ಕಿವಿಯ ಹಾಲೆಯಿಂದ ಕೂದಲಿಗೆ ಹಂಚುತ್ತದೆ. ಅದಕ್ಕಾಗಿ ಅದರ ಕೊಂಡಿಯನ್ನು ಬಿಗಿಯಾಗಿ ಹೆಣೆದ ಕೂದಲಿಗೆ ಸಿಕ್ಕಿಸಬೇಕು, ಸಡಿಲ ಕೂದಲಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಬಳೆಯ ಅಳತೆಯಲ್ಲೂ ಇಂಥದೇ ಅಲಕ್ಷ್ಯ. ಎರಡು-ನಾಲ್ಕು ಎಂದರೆ ಒಳಗಿನ ಅಗಲ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ ಎರಡೂಕಾಲು ಇಂಚು. ಎರಡು-ಎಂಟು ಎಂದರೆ ಎರಡೂವರೆ. ಗಾಜಿನ ಬಳೆಯನ್ನು ಬಳೆಗಾರರು ಕೈ ಒತ್ತಿ ಸಣ್ಣ ಅಳತೆಯದನ್ನೇ ಏರಿಸುತ್ತಾರೆ, ಚಿನ್ನದ ಬಳೆ ಮಾತ್ರ ದೊಡ್ಡ ಅಳತೆಯದಾಗಿದ್ದರೆ ಅದು ಗಾಜಿನ ಬಳೆಗಳ ಮೇಲೆ ಜಾರಿ ಬಡಿದು ಅವುಗಳನ್ನು ಒಡೆಯುತ್ತದೆ. ಎರಡರ ಅಳತೆಯೂ ಒಂದೇ ಆಗಿರುವಂತೆ ನೋಡಿಕೊಂಡರೆ ಧಾರೆಯ ಹೊತ್ತಿಗೆ ಬಳೆ ಒಡೆಯಿತೆಂದು ಯಾರೂ ಕಳವಳಪಡಬೇಕಾಗಿಲ್ಲ. ಸೊಂಟದ ಡಾಬನ್ನು ಕ್ರೇಪ್ ಸೀರೆಯ ಮೇಲೆ ಹಾಗೆಯೇ ಕಟ್ಟಿದರೆ ಅದು ಜಾರುತ್ತದೆ; ಒಳಗಿನಿಂದ ಎರಡು ಕಡೆ ಪಿನ್ನು ಹಾಕಿ ನಿಲ್ಲಿಸುತ್ತೇನೆ.

ಚಿನ್ನವಿಲ್ಲದ ಮನೆಗಳಲ್ಲೂ ನಾನು ಇದೇ ಕ್ರಮದಲ್ಲಿ ಕೆಲಸ ಮಾಡಿದ್ದೇನೆ. ಒಂದು ಗ್ರಾಂ ಚಿನ್ನದ ಒಡವೆಯೆಂದು ಮಾರುವ ಲೇಪನದ ಒಡವೆಗಳೂ ಕತ್ತಿಗೂ ಜರಿಗೂ ಹೊಂದಿದರೆ ಚೆನ್ನಾಗಿಯೇ ಕಾಣುತ್ತವೆ. ಅವುಗಳಲ್ಲಿ ಅತಿ ಹಳದಿಯದನ್ನು ಬಿಟ್ಟು ಸ್ವಲ್ಪ ಮಂದ ಹೊಳಪಿನದನ್ನು ಆರಿಸಬೇಕು, ಬೆವರೂ ಸೆಂಟೂ ತಾಗದಂತೆ ಎಚ್ಚರ ವಹಿಸಬೇಕು. ಸೆಂಟು ಮುತ್ತಿನ ಮೇಲ್ಪದರವನ್ನೂ ಕೆಡಿಸುತ್ತದೆ. ಆದ್ದರಿಂದ ಸೆಂಟು, ಮುಖದ ಅಲಂಕಾರ, ಜಡೆ, ಸೀರೆ ಎಲ್ಲ ಮುಗಿದ ಮೇಲೆಯೇ ನಾನು ಒಡವೆಯನ್ನು ಮುಟ್ಟುವುದು.

ರಾತ್ರಿ ಬಿಚ್ಚುವಾಗ ಈ ಕ್ರಮ ತಿರುಗುಮುರುಗಾಗುತ್ತದೆ. ಸೀರೆಗೆ ಸಿಕ್ಕುವ ಡಾಬು ಮತ್ತು ತೋಳಿನ ವಂಕಿ ಮೊದಲು, ಆಮೇಲೆ ಮಾಟಿ ಮತ್ತು ಜುಮಕಿ, ನಂತರ ಕೊರಳಿನ ಸರಗಳು. ಪ್ರತಿಯೊಂದನ್ನೂ ಒಣ ಮಲ್ಲು ಬಟ್ಟೆಯಿಂದ ಒರೆಸಿ ಬೇರೆ ಬೇರೆಯಾಗಿ ಸುತ್ತಿಡುತ್ತೇನೆ. ಬೋರಮಾಳದಂಥ ಹಳೆಯ ಸರಗಳ ಗುಂಡುಗಳೊಳಗೆ ಅರಗು ತುಂಬಿರುವುದುಂಟು. ಬಿಸಿನೀರು ತಾಗಿದರೆ ಅರಗು ಮೆತ್ತಗಾಗಿ ಗುಂಡು ತಗ್ಗುತ್ತದೆ ಎಂದು ಆ ಮನೆಯವರಿಗೆ ಹೇಳಹೊರಟಾಗ, ಅಜ್ಜಿ ಆಗಲೇ ಸರವನ್ನು ತಮ್ಮ ಸೆರಗಿನಲ್ಲಿ ಒರೆಸಿ ಗಂಟು ಕಟ್ಟುತ್ತಿದ್ದರು.