ಕೈಪಿಡಿಯಲ್ಲಿ ಬರೆದದ್ದು ಹೆಲ್ಪ್‌ನಲ್ಲಿ ಸಿಗದಿದ್ದಾಗ: ನನ್ನ ಅನುಭವ

ಮುಕ್ತ ತಂತ್ರಾಂಶವಾದ ವಿಮ್ ಪಠ್ಯ ಸಂಪಾದಕದಲ್ಲಿ ಕನ್ನಡ ಬರೆಯಲೆಂದು ನಾನೇ ಸಿದ್ಧಪಡಿಸಿಕೊಂಡಿದ್ದ ಕೀಮ್ಯಾಪ್ ಕಡತವನ್ನೂ (ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಮೂಡಬೇಕೆಂದು ತಿಳಿಸುವ ಕಡತ) ಅದರ ಕೈಪಿಡಿಯನ್ನೂ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಆಷಾಢದ ಒಂದು ಸಂಜೆ ಪರಿಷ್ಕರಿಸಲು ಕುಳಿತೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಹೊಸ ಕೀಲಿಯನ್ನು ಸೇರಿಸಿ, ಕೈಪಿಡಿಯಲ್ಲಿ ಅದರ ವಿವರಣೆಯನ್ನು ಬರೆದೆ. ಆದರೆ ಕೀಲಿಯನ್ನು ಒತ್ತಿದರೆ ಅಕ್ಷರ ಮೂಡಲಿಲ್ಲ. ಕೈಪಿಡಿಯನ್ನು ವಿಮ್‌ನೊಳಗೇ ತೆರೆದು ತೋರಿಸುವ ಹೆಲ್ಪ್ ಆಜ್ಞೆಗೆ ಆ ವಿವರಣೆಯೂ ಸಿಗಲಿಲ್ಲ.

ಅಕ್ಷರದ ತೊಡಕು ಸುಲಭದ್ದಾಗಿತ್ತು. ತೆರೆದೇ ಇದ್ದ ವಿಮ್ ಹಳೆಯ ಕೀಮ್ಯಾಪನ್ನೇ ನೆನಪಿನಲ್ಲಿಟ್ಟುಕೊಂಡಿತ್ತು. ಕೀಮ್ಯಾಪ್ ಆಯ್ಕೆಯನ್ನು ಮತ್ತೊಮ್ಮೆ ಸೆಟ್ ಮಾಡಿದೊಡನೆ ಸರಿಯಾಯಿತು.

ಕೈಪಿಡಿಯದು ಮಾತ್ರ ನನ್ನನ್ನು ಬಹಳ ಹೊತ್ತು ಕಾಡಿತು. ಹೆಲ್ಪ್ ಆಜ್ಞೆ ಕೈಪಿಡಿಯ ಪಠ್ಯವನ್ನು ನೇರವಾಗಿ ಹುಡುಕುವುದಿಲ್ಲ. ನಕ್ಷತ್ರ ಚಿಹ್ನೆಗಳ ನಡುವೆ ನಾವು ಬರೆಯುವ ಹೆಸರುಗಳನ್ನು ಒಟ್ಟುಗೂಡಿಸಿ ‘ಡಾಕ್’ ಫೋಲ್ಡರಿನಲ್ಲಿ ಇಟ್ಟಿರುವ ‘ಟ್ಯಾಗ್ಸ್’ ಕಡತವನ್ನು ನೋಡುತ್ತದೆ. ಕೈಪಿಡಿ ಬದಲಾದರೂ ಆ ಕಡತ ತಾನಾಗಿ ಬದಲಾಗುವುದಿಲ್ಲವಾದ್ದರಿಂದ, ‘ಹೆಲ್ಪ್‌ಟ್ಯಾಗ್ಸ್’ ಆಜ್ಞೆಯನ್ನು ಆ ಫೋಲ್ಡರಿನ ಹೆಸರಿನೊಂದಿಗೆ ನಡೆಸಬೇಕು. ನಡೆಸಿದೆ, ಒಂದೇ ಹೆಸರು ಎರಡು ಕಡೆ ಇದೆಯೆಂಬ ಇ154 ದೋಷ ಎದುರಾಯಿತು. ಮುನ್ನೆಚ್ಚರಿಕೆಗೆಂದು ಹಳೆಯ ಕೈಪಿಡಿಯ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ, ಆದರೆ ಅದೇ ಟಿಎಕ್ಸ್‌ಟಿ ವಿಸ್ತರಣೆಯೊಂದಿಗೆ, ಅದೇ ಫೋಲ್ಡರಿನಲ್ಲಿ ನಾನೇ ಉಳಿಸಿದ್ದೆ. ವಿಮ್ ಅದನ್ನೂ ಕೈಪಿಡಿಯೆಂದೇ ಎಣಿಸಿತ್ತು. ಪ್ರತಿಯನ್ನು ಹೊರಗೆ ಸಾಗಿಸಿ ಆಜ್ಞೆಯನ್ನು ಮತ್ತೆ ನಡೆಸಿದಾಗ ಹೊಸ ವಿಭಾಗ ತಕ್ಷಣ ತೆರೆದುಕೊಂಡಿತು.